ಮಲೆನಾಡಿನ ಮನೆಗೆ ಮೊದಲ ಸಿಂಥಸೈಜರ್: ಕಡಿಮೆ ಹಣದಲ್ಲಿ ಆರಿಸಿಕೊಳ್ಳುವ ಬಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಂಥ ಊರುಗಳಲ್ಲಿ ವಾದ್ಯದ ಅಂಗಡಿಗೆ ಹೋಗಿ ಸಿಂಥಸೈಜರ್ ಕೇಳಿದರೆ ಅಂಗಡಿಯವರು ಬಹುಮಟ್ಟಿಗೆ ಮೇಜಿನ ಮೇಲೆ ತಂದಿಡುವುದು 61 ಕೀಗಳ ಕೀಬೋರ್ಡನ್ನು. ಅದರಲ್ಲಿ ನೂರಾರು ದನಿಗಳು ಸಿದ್ಧವಾಗಿ ತುಂಬಿರುತ್ತವೆ; ಒಂದು ಬಟನ್ ಒತ್ತಿದರೆ ತಾಳ ತಾನಾಗಿ ಹೊರಡುತ್ತದೆ, ಎಡಗೈಯಲ್ಲಿ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಕೆಲವು ಸ್ವರಗಳ ಗುಂಪು) ಹಿಡಿದರೆ ಇಡೀ ವಾದ್ಯವೃಂದವೇ ಜೊತೆಗೂಡುತ್ತದೆ. ಸುಗಮ ಸಂಗೀತಕ್ಕೂ ಗಣಪತಿ ಹಬ್ಬದ ಆರ್ಕೆಸ್ಟ್ರಾಕ್ಕೂ ಅದು ತಕ್ಕ ವಾದ್ಯವೇ ಸರಿ. ಆದರೆ ದನಿ ಹೇಗೆ ಹುಟ್ಟುತ್ತದೆ, ಅದನ್ನು ನಮ್ಮ ಮನಸ್ಸಿಗೆ ಬಂದಂತೆ ಹೇಗೆ ತಿದ್ದಬಹುದು ಎಂಬ ಕುತೂಹಲದಿಂದ ಹೊರಟವರಿಗೆ ಅದು ಉತ್ತರ ಕೊಡುವುದಿಲ್ಲ. ಅಲ್ಲಿ ದನಿಯನ್ನು ಪಟ್ಟಿಯಿಂದ ಆರಿಸಿಕೊಳ್ಳುತ್ತೇವೆ. ಸಿಂಥಸೈಜರಿನಲ್ಲಿ ದನಿಯನ್ನು ನಾವೇ ಕಟ್ಟುತ್ತೇವೆ.

ಆದ್ದರಿಂದ ಮೊದಲ ಸಿಂಥಸೈಜರನ್ನು ಅದರಲ್ಲಿ ಎಷ್ಟು ದನಿಗಳಿವೆ ಎಂಬ ಎಣಿಕೆಯಿಂದ ಅಳೆಯಬಾರದು. ದನಿಯ ಒಂದೊಂದು ಗುಣವನ್ನೂ ಬದಲಿಸುವ ನಾಬ್ ನೇರವಾಗಿ ಕೈಗೆ ಸಿಗುತ್ತದೆಯೇ, ಇಲ್ಲವೇ ಚಿಕ್ಕದೊಂದು ಪರದೆಯ ಒಳಗೆ ಮೆನುವಿನಿಂದ ಮೆನುವಿಗೆ ಹುಡುಕಿಕೊಂಡು ಹೋಗಬೇಕೇ ಎಂಬುದನ್ನು ನೋಡಬೇಕು. ಕಡಿಮೆ ಬೆಲೆಯ ಯಂತ್ರಗಳ ನಡುವೆ ಆರಿಸುವಾಗ ನಾನು ಎಲ್ಲಕ್ಕಿಂತ ಮೊದಲು ಇಡುವ ಅಳತೆ ಇದೇ.

ಇನ್ನೊಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡಬೇಕು. ಆನ್‌ಲೈನ್ ಮಾರಾಟದಲ್ಲಿ ಚಿಕ್ಕ ಕೀಗಳು, ಬಣ್ಣದ ಪ್ಯಾಡುಗಳು, ಸಾಲು ನಾಬುಗಳಿರುವ ಅಂದವಾದ ಪೆಟ್ಟಿಗೆಗಳು ಅಗ್ಗದ ಬೆಲೆಗೆ ಕಾಣಿಸುತ್ತವೆ. ಅವುಗಳಲ್ಲಿ ಬಹುಪಾಲು ಮಿಡಿ (ವಾದ್ಯಗಳು, ಕಂಪ್ಯೂಟರುಗಳು ಪರಸ್ಪರ ಸುದ್ದಿ ಕಳಿಸುವ ಪದ್ಧತಿ) ಕಂಟ್ರೋಲರುಗಳು. ಅವು ತಾವಾಗಿ ಯಾವ ಸದ್ದನ್ನೂ ಮಾಡುವುದಿಲ್ಲ. ಯಾವ ಕೀ ಒತ್ತಿತು, ಎಷ್ಟು ಜೋರಾಗಿ ಒತ್ತಿತು ಎಂಬ ಸುದ್ದಿಯನ್ನು ಮಾತ್ರ ಕಂಪ್ಯೂಟರಿಗೆ ಕಳಿಸುತ್ತವೆ. ವಿವರಣೆಯಲ್ಲಿ ‘ಕಂಟ್ರೋಲರ್’ ಎಂಬ ಪದವಿದ್ದು, ಹಿಂಬದಿಯ ಚಿತ್ರದಲ್ಲಿ ಹೆಡ್‌ಫೋನ್ ಅಥವಾ ಆಡಿಯೋ ಔಟ್ ತೂತು ಕಾಣದಿದ್ದರೆ ಅದು ಸಿಂಥಸೈಜರ್ ಅಲ್ಲವೆಂದು ತಿಳಿಯಬೇಕು.

ಮನೆಯಲ್ಲಿ ಸಾಧಾರಣವಾದ ಲ್ಯಾಪ್‌ಟಾಪ್ ಇದ್ದರೆ ಹಣ ಖರ್ಚು ಮಾಡುವ ಮೊದಲು ಕೆಲವು ವಾರ ಸರ್ಜ್ ಎಕ್ಸ್‌ಟಿ ಅಥವಾ ವೈಟಲ್ ಎಂಬ ಸಾಫ್ಟ್‌ವೇರ್ ಸಿಂಥಸೈಜರನ್ನು ಬಳಸಿ ನೋಡುವುದು ಒಳ್ಳೆಯದು. ಸರ್ಜ್ ಪೂರ್ತಿ ಉಚಿತ; ವೈಟಲ್‌ಗೂ ಉಚಿತ ಆವೃತ್ತಿಯಿದೆ. ಮೌಸಿನಿಂದ ನಾಬ್ ತಿರುಗಿಸುವುದು ಬೇಸರದ ಕೆಲಸ, ಅದನ್ನು ಒಪ್ಪುತ್ತೇನೆ. ಆದರೂ ದನಿ ಕಟ್ಟುವ ಕೆಲಸವೇ ನಿಮಗೆ ಹಿಡಿಸುತ್ತದೆಯೇ, ಅಥವಾ ಹಾಡುಗಳನ್ನು ನುಡಿಸುವುದಷ್ಟೇ ಬೇಕೇ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ಎರಡನೆಯದಾದರೆ ಆ 61 ಕೀಗಳ ಕೀಬೋರ್ಡನ್ನೇ ಸಂತೋಷದಿಂದ ಕೊಳ್ಳಬಹುದು.

ಒಳಗೆ ಏನಿರುತ್ತದೆ

ಕಲಿಕೆಗೆ ಹೇಳಿಸಿದ ಸಿಂಥಸೈಜರುಗಳಲ್ಲಿ ಹೆಚ್ಚಿನವು ಒಂದೇ ಕ್ರಮದಲ್ಲಿ ಕೆಲಸ ಮಾಡುತ್ತವೆ. ಆಸಿಲೇಟರ್ ಮೂಲ ನಾದವನ್ನು ಹುಟ್ಟಿಸುತ್ತದೆ, ಫಿಲ್ಟರ್ ಅದರಲ್ಲಿ ಬೇಡವಾದ ಅಂಶವನ್ನು ತೆಗೆಯುತ್ತದೆ, ಎನ್ವಲಪ್ ಆ ನಾದ ಹೇಗೆ ಏರಿ ಹೇಗೆ ಇಳಿಯಬೇಕೆಂದು ನಿರ್ಧರಿಸುತ್ತದೆ. ಇವುಗಳ ಜೊತೆಗೆ ಎಲ್‌ಎಫ್‌ಒ ಎಂಬ ನಿಧಾನದ ಆಂದೋಲಕವೊಂದಿದ್ದು, ಅದು ತಾನು ಕೇಳಿಸದೆ ಬೇರೆ ಭಾಗಗಳನ್ನು ತೂಗಿಸುತ್ತಿರುತ್ತದೆ. 1970ರಲ್ಲಿ ಬಂದ ಮಿನಿಮೂಗ್ ವಾದ್ಯದ ಫಲಕದಲ್ಲಿ ಈ ಭಾಗಗಳನ್ನು ಎಡದಿಂದ ಬಲಕ್ಕೆ, ನಾದ ಹರಿಯುವ ಕ್ರಮದಲ್ಲಿಯೇ ಜೋಡಿಸಿದ್ದರು. ಆಮೇಲಿನ ಅನೇಕ ಯಂತ್ರಗಳು ಅದೇ ಕ್ರಮವನ್ನು ಅನುಸರಿಸಿವೆ. ಹೀಗಾಗಿ ಒಂದು ಚಿಕ್ಕ ಯಂತ್ರದ ಫಲಕವನ್ನು ಚೆನ್ನಾಗಿ ಕಲಿತವರಿಗೆ ಮುಂದೆ ಎಷ್ಟು ದೊಡ್ಡ ಯಂತ್ರ ಎದುರಾದರೂ ಅಪರಿಚಿತವೆನಿಸುವುದಿಲ್ಲ.

ಆಸಿಲೇಟರಿನಲ್ಲಿ ತರಂಗದ ಆಕಾರಗಳು ಮುಖ್ಯ. ಗರಗಸದ ಹಲ್ಲಿನಂತೆ ಕಾಣುವ ಸಾ (ಇಂಗ್ಲಿಷಿನಲ್ಲಿ ಗರಗಸ; ಷಡ್ಜವಲ್ಲ) ತರಂಗದಲ್ಲಿ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಎಂಬಂತೆ ಎಲ್ಲ ಅನುಸ್ವರಗಳೂ ಇರುತ್ತವೆ. ಆದ್ದರಿಂದ ಅದು ಹರಿತವಾಗಿ, ತುಂಬಿಕೊಂಡಂತೆ ಕೇಳಿಸುತ್ತದೆ. ಚೌಕ ತರಂಗದಲ್ಲಿ ಬೆಸ ಸಂಖ್ಯೆಯ ಅನುಸ್ವರಗಳು ಮಾತ್ರ ಇರುವುದರಿಂದ ಅದು ಟೊಳ್ಳಾಗಿ, ಕ್ಲಾರಿಯೊನೆಟ್ಟಿನ ಕೆಳಸ್ಥಾಯಿಯ ಹತ್ತಿರದ ದನಿಯಾಗಿ ಕೇಳಿಸುತ್ತದೆ. ತ್ರಿಕೋನ ತರಂಗದಲ್ಲೂ ಬೆಸ ಅನುಸ್ವರಗಳೇ ಇದ್ದರೂ ಅವು ಬೇಗ ಕ್ಷೀಣಿಸುವುದರಿಂದ ದನಿ ಮೃದು. ಒಂದೇ ಆಸಿಲೇಟರ್ ಇರುವ ಯಂತ್ರದಿಂದಲೂ ಕಲಿಯಬಹುದು. ಎರಡಿದ್ದರೆ ಒಂದನ್ನು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಸರಿಸಿ ನಾದಕ್ಕೆ ಹರವು ಕೊಡಬಹುದು, ಅಥವಾ ಎರಡನೆಯದನ್ನು ಪಂಚಮಕ್ಕೆ ಇಟ್ಟು ಷಡ್ಜ ಪಂಚಮಗಳನ್ನು ಒಂದೇ ಬೆರಳಿನಲ್ಲಿ ಹಿಡಿಯಬಹುದು.

ನಾಟಕಕ್ಕೆ ಸದ್ದು ಮಾಡುವ ಆಸೆಯುಳ್ಳವರು ಯಂತ್ರದಲ್ಲಿ ನಾಯ್ಸ್ ಇದೆಯೇ ಎಂದು ತಪ್ಪದೆ ನೋಡಬೇಕು. 1949ರಿಂದ ಹೆಗ್ಗೋಡಿನಲ್ಲಿ ನೀನಾಸಂ ಇರುವ ಈ ಸೀಮೆಯಲ್ಲಿ ಅಂಥ ಆಸೆ ಅಪರೂಪವಲ್ಲ. ನಾಯ್ಸ್ ಎಂದರೆ ಯಾವ ಸ್ವರವೂ ಇಲ್ಲದ ಬರಿಯ ಮೊರೆತ. ಅದನ್ನು ಫಿಲ್ಟರಿಗೆ ಹಾಯಿಸಿ, ಫಿಲ್ಟರನ್ನು ಪೂರ್ತಿ ತೆರೆದಿಟ್ಟರೆ ಹಂಚಿನ ಮಾಡಿನ ಮೇಲೆ ಬೀಳುವ ಬಿರುಮಳೆ ಕೇಳಿಸುತ್ತದೆ. ಮೆಲ್ಲಗೆ ಮುಚ್ಚುತ್ತ ಬಂದರೆ ಅದೇ ಮಳೆ ಗುಡ್ಡದ ಆಚೆ ಸರಿದಂತಾಗುತ್ತದೆ. ನಿಧಾನವಾದ ಎಲ್‌ಎಫ್‌ಒ ಅನ್ನು ಫಿಲ್ಟರಿಗೆ ಜೋಡಿಸಿದರೆ ಮಳೆಯ ಜೊತೆ ಗಾಳಿ ಬೀಸಿ ಬೀಸಿ ಬರುತ್ತದೆ. ಇನ್ನು ಮೇಲಿನ ಸ್ಥಾಯಿಯ ಒಂದು ಚೌಕ ತರಂಗದ ಗಟ್ಟಿತನವನ್ನು ವೇಗದ ಎಲ್‌ಎಫ್‌ಒದಿಂದ ಕತ್ತರಿಸಿದರೆ ಜೀರುಂಡೆಯ ಕೂಗು ಸಿಗುತ್ತದೆ. ಇಷ್ಟಕ್ಕೆ ದುಬಾರಿಯ ಯಂತ್ರ ಬೇಕಿಲ್ಲ, ಆದರೆ ಈ ನಾಲ್ಕು ಭಾಗಗಳೂ ಕೈಗೆಟುಕುವಂತಿರಬೇಕು.

ಕೊಳ್ಳುವ ಮೊದಲು ಕೈಯಾರೆ ಪರೀಕ್ಷಿಸುವುದು

ಶಿವಮೊಗ್ಗದಲ್ಲಿ ಇಂಥ ಯಂತ್ರಗಳನ್ನು ಮುಟ್ಟಿ ನೋಡುವ ಅವಕಾಶ ಕಡಿಮೆ. ಸಾಧ್ಯವಾದರೆ ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ, ಜನಶತಾಬ್ದಿ ರೈಲಿನಲ್ಲಿ ಬೆಳಿಗ್ಗೆ ಹೊರಟವರು ಮಧ್ಯಾಹ್ನ ದೊಡ್ಡ ಅಂಗಡಿಯೊಂದರಲ್ಲಿ ಕುಳಿತು ನುಡಿಸಿ ಬರಬಹುದು. ಹೋಗುವಾಗ ನಿಮ್ಮದೇ ಹೆಡ್‌ಫೋನ್ ತೆಗೆದುಕೊಂಡು ಹೋಗಿ. ಮನೆಯಲ್ಲಿ ಕೇಳುವುದು ಅದರಲ್ಲೇ ಅಲ್ಲವೇ.

ಪರೀಕ್ಷೆಯನ್ನು ಹೀಗೆ ಮಾಡಬಹುದು. ಸಾ ತರಂಗವನ್ನು ಆರಿಸಿ, ಮಂದ್ರದಲ್ಲಿ ಒಂದು ಕೀಯನ್ನು ಒತ್ತಿ ಹಿಡಿದು, ಫಿಲ್ಟರ್ ಎಲ್ಲಿಂದ ಮೇಲಿನದನ್ನು ತೆಗೆಯಬೇಕೆಂದು ಹೇಳುವ, ಕಟ್‌ಆಫ್ ಎಂದು ಬರೆದಿರುವ ನಾಬನ್ನು ಬಲತುದಿಯಿಂದ ಎಡಕ್ಕೆ ಬಹಳ ನಿಧಾನವಾಗಿ ತಿರುಗಿಸಿ. ಮೊದಲು ಮೇಲಿನ ಹರಿತ ಹೋಗುತ್ತದೆ, ಆಮೇಲೆ ದನಿ ದುಂಡಗಾಗುತ್ತದೆ, ಕೊನೆಗೆ ಮೂಲ ಸ್ವರ ಮಾತ್ರ ಉಳಿದು ಅದೂ ಅಡಗುತ್ತದೆ. ಈ ಹಾದಿಯಲ್ಲಿ ದನಿ ಜಾರಿದಂತೆ ಬದಲಾಗಬೇಕೇ ಹೊರತು ಮೆಟ್ಟಿಲಿಂದ ಮೆಟ್ಟಿಲಿಗೆ ನೆಗೆದಂತೆ ಆಗಬಾರದು. ಈಗ ಕಟ್‌ಆಫ್ ಬಳಿಯ ಅಂಶವನ್ನು ಎತ್ತಿ ಕೇಳಿಸುವ ರೆಸೊನೆನ್ಸ್ ನಾಬನ್ನು ಮುಕ್ಕಾಲು ಭಾಗ ಏರಿಸಿ ಅದೇ ಚಲನೆಯನ್ನು ಮತ್ತೆ ಮಾಡಿ. ಒಂದೊಂದು ಅನುಸ್ವರವೂ ಸರದಿಯಂತೆ ಎದ್ದು ಕೇಳಿಸುತ್ತದೆ. ತಂಬೂರಿಯ ತಂತಿಯಲ್ಲಿ ಕಿವಿಯಿಟ್ಟು ಕೇಳಿದವರಿಗೆ ಆ ಪಂಚಮವೂ ಗಾಂಧಾರವೂ ಕೂಡಲೇ ಗುರುತು ಸಿಗುತ್ತವೆ. ಈ ಚಲನೆ ನಿಮಗೆ ಇಷ್ಟವಾದರೆ ಆ ಯಂತ್ರದ ಮೂಲಗುಣ ಇಷ್ಟವಾಯಿತೆಂದೇ ಲೆಕ್ಕ. ಅದಾದ ಮೇಲೆ ಎನ್ವಲಪ್ಪಿನ ಅಟ್ಯಾಕ್ (ದನಿ ಏರುವ ಹೊತ್ತು) ಸೊನ್ನೆಗಿಟ್ಟು, ಸಸ್ಟೇನ್ (ಕೀ ಹಿಡಿದಷ್ಟು ಹೊತ್ತು ನಿಲ್ಲುವ ಮಟ್ಟ) ಪೂರ್ತಿ ಇಳಿಸಿ, ಡಿಕೇಯನ್ನು (ಆ ಮಟ್ಟಕ್ಕೆ ಇಳಿಯುವ ಹೊತ್ತು) ಸ್ವಲ್ಪ ಇಟ್ಟು ಮೀಟಿದ ತಂತಿಯಂಥ ದನಿ ಮಾಡಿ ನೋಡಿ; ಸಸ್ಟೇನ್ ಪೂರ್ತಿ ಏರಿಸಿ ಹಾರ್ಮೋನಿಯಮ್ಮಿನಂತೆ ನಿಲ್ಲುವ ದನಿ ಮಾಡಿ ನೋಡಿ. ಈ ಎರಡನ್ನೂ ಕೈಪಿಡಿ ತೆರೆಯದೆ ಮಾಡಲು ಸಾಧ್ಯವಾದರೆ ಫಲಕದ ವಿನ್ಯಾಸ ಕಲಿಯುವವರಿಗೆ ತಕ್ಕದ್ದು.

ರಾಗ, ಶ್ರುತಿ, ಗಮಕ

ಜಾಹೀರಾತುಗಳಲ್ಲಿ ಏಕಕಾಲಕ್ಕೆ ಎಷ್ಟು ಸ್ವರ ನುಡಿಸಬಹುದು ಎಂಬ ಸಂಖ್ಯೆಗೆ ದೊಡ್ಡ ಬೆಲೆ ಕಟ್ಟುತ್ತಾರೆ. ಕಾರ್ಡುಗಳನ್ನು ಆಧರಿಸಿದ ಸಂಗೀತಕ್ಕೆ ನಾಲ್ಕು ಸ್ವರವಾದರೂ ಬೇಕು, ನಿಜ. ಆದರೆ ಕರ್ನಾಟಕ ಅಥವಾ ಹಿಂದೂಸ್ತಾನಿ ಸಂಗೀತದ ಅಭ್ಯಾಸವಿರುವವರು ಒಂದೇ ಸ್ವರ ನುಡಿಸುವ ಮಾನೋ ಯಂತ್ರವನ್ನು ಕೊರತೆಯೆಂದು ಭಾವಿಸಬೇಕಿಲ್ಲ. ರಾಗ ಒಂದು ಎಳೆಯಲ್ಲಿ ಸಾಗುವಂಥದು. ಮಾನೋ ಯಂತ್ರದ ಗ್ಲೈಡ್ ಅಥವಾ ಪೋರ್ಟಮೆಂಟೊ ಸೌಲಭ್ಯ ಸ್ವರದಿಂದ ಸ್ವರಕ್ಕೆ ಜಾರುವಾಗ ಆ ಎಳೆಯನ್ನು ಕಡಿಯದೆ ಉಳಿಸುತ್ತದೆ. ಇದೇ ಹಣಕ್ಕೆ ಮಾನೋ ಯಂತ್ರದಲ್ಲಿ ಹೆಚ್ಚು ನಾಬುಗಳೂ ಸಿಗುತ್ತವೆ.

ಗಮಕಕ್ಕೆ ನುಡಿಯುತ್ತಿರುವ ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಪಿಚ್ ಬೆಂಡ್ ಬೇಕು. ಅದು ಚಕ್ರವಾಗಿರಬಹುದು, ಸಣ್ಣ ಸನ್ನೆಯಂಥ ಕಡ್ಡಿಯಾಗಿರಬಹುದು, ಸ್ಪರ್ಶಪಟ್ಟಿಯಾಗಿರಬಹುದು. ಎಷ್ಟು ಸ್ವರಸ್ಥಾನಗಳವರೆಗೆ ಬಾಗಬೇಕೆಂಬುದನ್ನು ನಾವೇ ನಿಗದಿಮಾಡುವ ವ್ಯವಸ್ಥೆ ಇರುವುದು ಮುಖ್ಯ. ಎರಡು ಸ್ವರಸ್ಥಾನಗಳ ಮಿತಿ ಕಂಪಿತಕ್ಕೆ ಸಾಕು. ಉದ್ದನೆಯ ಜಾರುಗಳಿಗೆ ಐದು ಅಥವಾ ಏಳು ಬೇಕಾಗುತ್ತದೆ. ಎಲ್‌ಎಫ್‌ಒದಿಂದ ಸ್ವರವನ್ನು ಅಲುಗಿಸಿ ಅದನ್ನೇ ಗಮಕವೆಂದುಕೊಳ್ಳಬೇಡಿ. ಅದರ ಅಲುಗಾಟ ಸಮವೇಗದ್ದು, ಎರಡೂ ಕಡೆಗೆ ಸಮವಾದದ್ದು. ತೋಡಿಯ ಗಾಂಧಾರ ಹಾಗೆ ತೂಗುವುದಿಲ್ಲ. ಎಡಗೈಯನ್ನು ಬೆಂಡ್‌ಗೆ ಪಳಗಿಸುವುದೇ ದಾರಿ.

ಶ್ರುತಿಯ ವಿಚಾರದಲ್ಲಿ ಎರಡು ಸಂಗತಿ ನೋಡಬೇಕು. ಮೊದಲನೆಯದು ಟ್ರಾನ್ಸ್‌ಪೋಸ್. ಯಕ್ಷಗಾನದ ಭಾಗವತರು ಕಪ್ಪು ಎರಡಕ್ಕೆ (ಹಾರ್ಮೋನಿಯಮ್ಮಿನ ಎರಡನೆಯ ಕಪ್ಪು ಕೀಯ ಶ್ರುತಿಗೆ) ಹಾಡುತ್ತಿದ್ದರೆ, ಬಿಳಿ ಒಂದನ್ನು ಷಡ್ಜವಾಗಿಟ್ಟು ಅಭ್ಯಾಸ ಮಾಡಿದವರು ಯಂತ್ರವನ್ನು ಮೂರು ಸ್ವರಸ್ಥಾನ ಏರಿಸಿಕೊಂಡರೆ ಬೆರಳಿನ ಜಾಗ ಬದಲಾಗದೆ ಜೊತೆಗೂಡಬಹುದು. ಎರಡನೆಯದು ಮೈಕ್ರೋಟ್ಯೂನಿಂಗ್. ಸಾಮಾನ್ಯ ಕೀಬೋರ್ಡಿನಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ, ಒಂದೊಂದು ಪಾಲನ್ನು 100 ಸೆಂಟ್ ಎಂದು ಎಣಿಸುತ್ತಾರೆ. ಅಲ್ಲಿ ಅಂತರ ಗಾಂಧಾರ 400 ಸೆಂಟಿನಲ್ಲಿರುತ್ತದೆ. ತಂಬೂರಿಯ ನಾದದೊಳಗೆ ತಾನಾಗಿ ಕೇಳಿಬರುವ ಗಾಂಧಾರ ಸುಮಾರು 386 ಸೆಂಟಿನದು. ಆ ಹದಿನಾಲ್ಕು ಸೆಂಟಿನ ವ್ಯತ್ಯಾಸವೇ ಕೀಬೋರ್ಡಿನ ಗಾಂಧಾರವನ್ನು ಶ್ರುತಿಪೆಟ್ಟಿಗೆಯ ಜೊತೆ ಸ್ವಲ್ಪ ಒರಟಾಗಿ ಕೇಳಿಸುವುದು. ಪಂಚಮದಲ್ಲಿ ಈ ತೊಂದರೆಯಿಲ್ಲ. 700ಕ್ಕೂ 702ಕ್ಕೂ ನಡುವಿನ ಭೇದ ಕಿವಿಗೆ ತಾಗುವುದು ಕಷ್ಟ. ಒಂದೊಂದು ಸ್ವರವನ್ನೂ ಹೀಗೆ ಸೆಂಟಿನ ಲೆಕ್ಕದಲ್ಲಿ ಸರಿಸಿ ಉಳಿಸಿಕೊಳ್ಳಬಲ್ಲ ಯಂತ್ರ ಸಿಕ್ಕರೆ ಬೇರೆ ಸಣ್ಣಪುಟ್ಟ ಕೊರತೆಗಳನ್ನು ಮರೆಯಬಹುದು.

ಯಂತ್ರಗಳು

ಕೈಯಲ್ಲಿರುವ ಹಣ ತೀರ ಕಡಿಮೆಯಿದ್ದರೆ ಕೊರ್ಗ್ ಕಂಪನಿಯ ವೋಲ್ಕಾ ಸರಣಿಯಿಂದ ಆರಂಭಿಸಬಹುದು. 2013ರಲ್ಲಿ ಬಂದ ವೋಲ್ಕಾ ಕೀಸ್ ಅನಲಾಗ್ ಯಂತ್ರ, ಎಂದರೆ ದನಿಯನ್ನು ಅಂಕಿಗಳ ಲೆಕ್ಕದಿಂದಲ್ಲದೆ ನೇರವಾಗಿ ವಿದ್ಯುತ್ತಿನ ಏರಿಳಿತದಿಂದ ಹುಟ್ಟಿಸುವಂಥದು; ಏಕಕಾಲಕ್ಕೆ ಮೂರು ಸ್ವರ ನುಡಿಯುತ್ತದೆ, ಆರು ಡಬಲ್ ಎ ಸೆಲ್ಲುಗಳಿಂದ ನಡೆಯುತ್ತದೆ, ಒಳಗೇ ಚಿಕ್ಕ ಸ್ಪೀಕರ್ ಇದೆ. ಅದರಲ್ಲಿ ಫಿಫ್ತ್ ಎಂಬ ಸ್ಥಾನಕ್ಕೆ ತಿರುಗಿಸಿದರೆ ಒಂದು ಕೀಗೆ ಷಡ್ಜ ಪಂಚಮ ಎರಡೂ ಬರುತ್ತವೆ. ಕೀಗಳು ಒತ್ತಿದರೆ ಇಳಿಯುವಂಥವಲ್ಲ, ಸ್ಪರ್ಶಪಟ್ಟಿ ಮಾತ್ರ. ನುಡಿಸುವ ಸುಖ ಬೇಕಾದವರು ಅದರ ಮಿಡಿ ತೂತಿಗೆ ಬೇರೆ ಕೀಬೋರ್ಡ್ ಜೋಡಿಸಬೇಕು. ಕಟ್ಟಿದ ದನಿಯನ್ನು ಅದು ಹೆಸರಿಟ್ಟು ಉಳಿಸಿಕೊಳ್ಳುವುದಿಲ್ಲ. ನಾಬುಗಳ ಸ್ಥಾನವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕಾಗುತ್ತದೆ, ಮತ್ತು ಕಲಿಯುವವರಿಗೆ ಆ ಬರವಣಿಗೆಯೇ ದೊಡ್ಡ ಪಾಠ.

ರೋಲ್ಯಾಂಡ್ ಎಸ್-1, 1982ರ ಎಸ್‌ಎಚ್-101 ಎಂಬ ಹೆಸರಾಂತ ವಾದ್ಯವನ್ನು ಆಧರಿಸಿ 2023ರಲ್ಲಿ ಬಂದದ್ದು. ನಾಲ್ಕು ಸ್ವರ, ಒಳಗೇ ಚಾರ್ಜ್ ಆಗುವ ಬ್ಯಾಟರಿ, ಅಂಗೈಗಿಂತ ತುಸು ದೊಡ್ಡ ಗಾತ್ರ. ಸಾಮರ್ಥ್ಯ ಹೆಚ್ಚು, ಆದರೆ ಬಹಳ ಸೌಲಭ್ಯಗಳು ಶಿಫ್ಟ್ ಬಟನ್ ಹಿಡಿದು ಒತ್ತುವ ಎರಡನೆಯ ಪದರದಲ್ಲಿ ಅಡಗಿವೆ. ಮೊದಲ ಯಂತ್ರವಾಗಿ ಅದನ್ನು ನಾನು ಎರಡನೆಯ ಸಾಲಿನಲ್ಲಿಡುತ್ತೇನೆ.

ಇನ್ನಷ್ಟು ಹಣ ಕೂಡಿಸಬಲ್ಲವರಿಗೆ ನನ್ನ ಮೊದಲ ಸಲಹೆ ಕೊರ್ಗ್ ಮೊನೊಲಾಗ್, ಬಳಸಿದ್ದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೂ ಆದೀತು. ಎರಡು ಆಸಿಲೇಟರ್, ಅದರಲ್ಲೊಂದರಲ್ಲಿ ನಾಯ್ಸ್, ಒತ್ತಿದರೆ ಇಳಿಯುವ 25 ಚಿಕ್ಕ ಕೀಗಳು, ತರಂಗದ ಆಕಾರವನ್ನು ಕಣ್ಣಿಗೆ ತೋರಿಸುವ ಪುಟ್ಟ ಪರದೆ, ಮೈಕ್ರೋಟ್ಯೂನಿಂಗ್, ಆರು ಸೆಲ್ಲುಗಳಿಂದ ನಡೆಯುವ ಅನುಕೂಲ ಎಲ್ಲವೂ ಒಂದೇ ಕಡೆ ಇವೆ. ಮೇಲೆ ಹೇಳಿದ ಅಳತೆಗಳಿಗೆ ಇಷ್ಟು ಹೊಂದುವ ಬೇರೊಂದು ಅಗ್ಗದ ಯಂತ್ರ ನನಗೆ ಕಾಣದು. 2019ರಲ್ಲಿ ಬಂದ ಆರ್ಟೂರಿಯಾ ಮೈಕ್ರೋಫ್ರೀಕ್‌ನಲ್ಲಿ ದನಿ ಹುಟ್ಟಿಸುವ ಬಗೆಗಳು ಇದಕ್ಕಿಂತ ಎಷ್ಟೋ ಹೆಚ್ಚು. ನಾಟಕದ ಸದ್ದುಗಳಿಗೆ ಅದು ಇನ್ನೂ ಹೇಳಿಸಿದ್ದು. ಅದರ ಕೀಗಳು ಚಪ್ಪಟೆಯ ಸ್ಪರ್ಶಫಲಕ, ಬೆರಳು ಒದ್ದೆಯಿದ್ದರೆ ಸರಿಯಾಗಿ ಸ್ಪಂದಿಸಲಾರವು ಎಂಬುದನ್ನು ನಮ್ಮ ಹವೆಯಲ್ಲಿರುವವರು ನೆನಪಿಡಬೇಕು. ಕಾರ್ಡುಗಳೇ ಬೇಕೆಂದರೆ ನಾಲ್ಕು ಸ್ವರದ, 37 ಕೀಗಳ ಕೊರ್ಗ್ ಮಿನಿಲಾಗ್ ಹಳೆಯದಾಗಿ ಸಿಕ್ಕರೆ ನೋಡಬಹುದು.

ಒಂದು ತರಂಗದಿಂದ ಇನ್ನೊಂದನ್ನು ಬಹಳ ವೇಗವಾಗಿ ಅಲುಗಿಸಿ ದನಿ ಕಟ್ಟುವ, 1983ರ ಯಮಾಹಾ ಡಿಎಕ್ಸ್7 ಮಾದರಿಯ ಎಫ್‌ಎಂ ಯಂತ್ರಗಳು, ವೋಲ್ಕಾ ಎಫ್‌ಎಂ ಕೂಡ, ಗಂಟೆಯಂಥ, ಗಾಜಿನಂಥ ದನಿಗಳಿಗೆ ಬಹಳ ಚೆನ್ನ. ಆದರೆ ಅಲ್ಲಿ ಒಂದು ಅಂಕಿ ಬದಲಿಸಿದರೆ ಏನಾಗುತ್ತದೆಂದು ಊಹಿಸಲು ಹೊಸಬರಿಗೆ ಆಗದು. ಅದನ್ನು ಎರಡನೆಯ ಯಂತ್ರವಾಗಿ ಕೊಳ್ಳಿ.

ಕರೆಂಟು, ಅಡಾಪ್ಟರು, ಕೇಬಲ್ಲು

ಇಪ್ಪತ್ತೈದು ಸಾವಿರ ರೂಪಾಯಿ ತೆಗೆದಿಟ್ಟಿದ್ದರೆ ಯಂತ್ರಕ್ಕೆ ಇಪ್ಪತ್ತು ಸಾವಿರವನ್ನು ಮೀರಬೇಡಿ. ಉಳಿದದ್ದು ಹೆಡ್‌ಫೋನಿಗೆ, ಚಾರ್ಜ್ ಆಗುವ ಸೆಲ್ಲುಗಳಿಗೆ, ಕೇಬಲ್ಲಿಗೆ ಬೇಕಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನ ತನಕ ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಆದ್ದರಿಂದ ಸೆಲ್ಲಿನಿಂದ ನಡೆಯುವ ಯಂತ್ರವನ್ನು ನಾನು ಒತ್ತಾಯದಿಂದಲೇ ಸೂಚಿಸುತ್ತೇನೆ. ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು 1.2 ವೋಲ್ಟಿನವು, ಮಾಮೂಲಿ ಸೆಲ್ಲುಗಳು 1.5ರವು, ಕೆಲವು ಯಂತ್ರಗಳಲ್ಲಿ ಯಾವ ಬಗೆಯ ಸೆಲ್ ಹಾಕಿದ್ದೀರೆಂದು ಸೆಟ್ಟಿಂಗಿನಲ್ಲಿ ತಿಳಿಸಬೇಕು, ಇಲ್ಲವಾದರೆ ಸೆಲ್ ಮುಗಿಯಿತೆಂಬ ತಪ್ಪು ಸೂಚನೆ ಬರುತ್ತದೆ. ಯುಎಸ್‌ಬಿಯಿಂದ ನಡೆಯುವ ಯಂತ್ರಕ್ಕೆ ಪವರ್ ಬ್ಯಾಂಕ್ ಜೋಡಿಸಬಹುದಾದರೂ, ಕೆಲವು ಪವರ್ ಬ್ಯಾಂಕುಗಳು ಯಂತ್ರ ಎಳೆಯುವ ಕರೆಂಟು ಕಡಿಮೆಯಿದ್ದರೆ ತಾವಾಗಿ ಆಫ್ ಆಗಿಬಿಡುತ್ತವೆ. ಅದನ್ನು ಮೊದಲೇ ಪರೀಕ್ಷಿಸಿಕೊಳ್ಳಿ.

ಅಡಾಪ್ಟರ್ ಕಳೆದುಹೋದರೆ ಮನೆಯಲ್ಲಿರುವ ಬೇರೊಂದನ್ನು ಚುಚ್ಚುವುದು ಅಪಾಯ. 9 ವೋಲ್ಟ್ ಎಂದು ಬರೆದಿದ್ದರೆ ಸಾಲದು. ಪ್ಲಗ್ಗಿನ ನಡುಕಡ್ಡಿ ಪ್ಲಸ್ಸೋ ಮೈನಸ್ಸೋ ಎಂಬುದನ್ನು ಯಂತ್ರದ ಮೇಲೂ ಅಡಾಪ್ಟರಿನ ಮೇಲೂ ಇರುವ ಚಿಹ್ನೆಯಲ್ಲಿ ಹೋಲಿಸಿ ನೋಡಬೇಕು. ಗಿಟಾರ್ ಪೆಡಲ್ಲಿನ ಅಡಾಪ್ಟರುಗಳಲ್ಲಿ ಹೆಚ್ಚಿನವು ನಡು ಮೈನಸ್, ವೋಲ್ಕಾಗೆ ಬೇಕಾದದ್ದು ನಡು ಪ್ಲಸ್. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಮಾತ್ರ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಕೇಳುವುದಕ್ಕೆ ವೈರಿರುವ ಹೆಡ್‌ಫೋನನ್ನೇ ಬಳಸಿ. ಬ್ಲೂಟೂತಿನಲ್ಲಿ ಕೀ ಒತ್ತಿದ ಮೇಲೆ ಸದ್ದು ತಡವಾಗಿ ಬಂದು ನುಡಿಸಲಾಗದು. ಊರಿನ ಕಾರ್ಯಕ್ರಮಗಳಲ್ಲಿ ಸೌಂಡ್ ಸಿಸ್ಟಮ್ಮಿನವರ ಮಿಕ್ಸರಿಗೆ ಜೋಡಿಸುವಾಗ ಮೈಕ್ ಇನ್‌ಪುಟ್ಟಿಗಲ್ಲ, ಲೈನ್ ಇನ್‌ಪುಟ್ಟಿಗೆ ಹಾಕಿಸಬೇಕು. ಲ್ಯಾಪ್‌ಟಾಪಿಗೆ ಯುಎಸ್‌ಬಿ ಮತ್ತು ಆಡಿಯೋ ಎರಡನ್ನೂ ಜೋಡಿಸಿದಾಗ ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಮಿಡಿ ಕೇಬಲ್ಲಿನ ವಿಷಯದಲ್ಲೂ ಎಚ್ಚರ ಬೇಕು: ಐದು ಪಿನ್ನಿನ ಹಳೆಯ ತೂತು ಇರುವ ಯಂತ್ರಗಳಿಗೆ ಒಂದೇ ಬಗೆಯ ಕೇಬಲ್ ಸಾಕು, ಆದರೆ ಹೆಡ್‌ಫೋನ್ ತೂತಿನಂತೆಯೇ ಕಾಣುವ ಚಿಕ್ಕ ಮಿಡಿ ತೂತುಗಳಲ್ಲಿ ಟೈಪ್ ಎ, ಟೈಪ್ ಬಿ ಎಂದು ಎರಡು ಬಗೆಗಳಿವೆ. ಎರಡು ಯಂತ್ರಗಳ ಯುಎಸ್‌ಬಿ ತೂತುಗಳನ್ನು ನೇರವಾಗಿ ಒಂದಕ್ಕೊಂದು ಜೋಡಿಸಿದರೆ ಸಾಮಾನ್ಯವಾಗಿ ಏನೂ ನಡೆಯದು. ನಡುವೆ ಕಂಪ್ಯೂಟರ್ ಅಥವಾ ಅದರ ಕೆಲಸ ಮಾಡುವ ಹೋಸ್ಟ್ ಎಂಬ ಪೆಟ್ಟಿಗೆ ಇರಬೇಕು.

ಬಳಸಿದ್ದನ್ನು ಕೊಳ್ಳುವುದು, ಮಳೆಗಾಲದಲ್ಲಿ ಕಾಪಾಡುವುದು

ಬಳಸಿದ ಯಂತ್ರವನ್ನು ನೋಡದೆ ಹಣ ಕಳಿಸಬೇಡಿ. ದೂರವಾದರೆ ವಿಡಿಯೋ ಕರೆಯಲ್ಲಿ ಒಂದೊಂದೇ ಕೀ ಒತ್ತಿಸಿ, ಒಂದೊಂದೇ ನಾಬನ್ನು ತುದಿಯಿಂದ ತುದಿಗೆ ತಿರುಗಿಸಿ ತೋರಿಸಲು ಕೇಳಿ. ತಿರುಗಿಸುವಾಗ ಗರಗರ ಸದ್ದು ಬಂದರೆ ಒಳಗೆ ಧೂಳು ಅಥವಾ ತೇವ ಸೇರಿದೆ. ಸ್ವಲ್ಪವಿದ್ದರೆ ಕಾಂಟ್ಯಾಕ್ಟ್ ಕ್ಲೀನರಿನಿಂದ ಸರಿಹೋಗುತ್ತದೆ. ಸೆಲ್ ಹಾಕುವ ಜಾಗದ ಮುಚ್ಚಳ ತೆಗೆಸಿ, ತಗಡಿಗೆ ಹಸಿರು ಅಥವಾ ಬಿಳಿ ಪುಡಿ ಹಿಡಿದಿದೆಯೇ ನೋಡಿ. ಹೊಸದನ್ನು ಹೊರದೇಶದಿಂದ ತರಿಸುವ ಯೋಚನೆಯಿದ್ದರೆ ಸುಂಕ ಮತ್ತು ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. ಅಲ್ಲಿನ ಅಗ್ಗದ ಬೆಲೆ ಇಲ್ಲಿಗೆ ಬರುವಷ್ಟರಲ್ಲಿ ಅಗ್ಗವಾಗಿ ಉಳಿಯುವುದಿಲ್ಲ, ಭಾರತದ ವಾರಂಟಿಯೂ ಸಿಗುವುದಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ; ಅದರ ಅರ್ಧ ಬಿದ್ದರೂ ಮನೆಯೊಳಗಿನ ಚರ್ಮದ ಚೀಲಕ್ಕೆ ಬೂಸ್ಟು ಹಿಡಿಯುತ್ತದೆ. ಯಂತ್ರವನ್ನು ಜಂಬಿಟ್ಟಿಗೆಯ ಹೊರಗೋಡೆಗೆ ತಾಗಿಸಿ ಇಡಬೇಡಿ. ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆಯ ಜಿಡ್ಡು ನಾಬುಗಳ ಸಂದಿಗೆ ಇಳಿಯುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ಒಳಗಿದ್ದ ತೇವ ಹೊರಗೆ ಹೋಗದೆ ಅಲ್ಲೇ ಉಳಿಯುತ್ತದೆ. ಅದರ ಬದಲು ಮುಚ್ಚಳ ಸರಿಯಾಗಿ ಕೂರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳೊಂದಿಗೆ ಇಟ್ಟು, ಬಣ್ಣ ಬದಲಿಸುವ ಬಗೆಯದಾದರೆ ಬಣ್ಣ ಹೋದಾಗ ಬಿಸಿಮಾಡಿ ಮತ್ತೆ ಬಳಸಬಹುದು. ಮಳೆಗಾಲದಲ್ಲಿ ದಿನವೂ ಅರ್ಧ ಗಂಟೆ ನುಡಿಸುವುದು ಇದೆಲ್ಲಕ್ಕಿಂತ ಒಳ್ಳೆಯ ರಕ್ಷಣೆ, ಏಕೆಂದರೆ ನಡೆಯುವಾಗಿನ ಬಿಸಿಗೆ ತೇವ ಆರುತ್ತದೆ. ಅನಲಾಗ್ ಆಸಿಲೇಟರಿನ ಶ್ರುತಿ ಉಷ್ಣತೆಯ ಜೊತೆ ಸ್ವಲ್ಪ ಸರಿಯುವುದರಿಂದ, ಚಳಿಯ ಬೆಳಿಗ್ಗೆ ಆನ್ ಮಾಡಿ ಕಾಲು ಗಂಟೆ ಬಿಟ್ಟು ಶ್ರುತಿ ಸೇರಿಸಿ. ಕೆಲವು ವಾರ ಮುಟ್ಟುವುದಿಲ್ಲವೆಂದಾದರೆ ಸೆಲ್ಲುಗಳನ್ನು ತೆಗೆದಿಡಿ. ಯಂತ್ರ ಬಂದ ರಟ್ಟಿನ ಪೆಟ್ಟಿಗೆಯನ್ನೂ ಥರ್ಮೋಕೋಲನ್ನೂ ಬಿಲ್ಲಿನ ಜೊತೆ ಜೋಪಾನ ಮಾಡಿ. ರಿಪೇರಿಗೆ ಬೆಂಗಳೂರಿಗೆ ಕಳಿಸಬೇಕಾಗಿ ಬಂದರೆ ಅವು ಬೇಕಾಗುತ್ತವೆ.